ಅತ್ತೆಯ ಪರವಾಗಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಜನ ನನ್ನನ್ನು ಶಾಂತಮೂರ್ತಿ ಎಂದುಕೊಂಡಿದ್ದಾರೆ. ಬಸ್ಸಿನಲ್ಲೋ ಔಷಧಿ ಅಂಗಡಿಯಲ್ಲೋ ಎರಡು ಮಾತಾಡಿದರೆ ಸಾಕು, ಪಕ್ಕದವರು ತಿರುಗಿ ನೋಡಿ, “ಅಯ್ಯೋ, ನೀವು ಅತ್ತೆ ಅಲ್ವಾ!” ಎನ್ನುತ್ತಾರೆ. ಹದಿನಾಲ್ಕು ವರ್ಷ ರೇಡಿಯೋದ ಗುರುವಾರದ ನಾಟಕದಲ್ಲಿ ನಾನು ಅತ್ತೆಯಾಗಿದ್ದೆ. ಅತ್ತೆ ಎಂದರೆ ಗಂಡನ ತಾಯಿಯಲ್ಲ, ಅಪ್ಪನ ಅಕ್ಕ. ಗಂಡನ ತಾಯಿಯಾಗಿದ್ದರೆ ಜನ ಅಷ್ಟು ಪ್ರೀತಿಸುತ್ತಿದ್ದರೇ?

ಆ ಅತ್ತೆ ಮಾಡುತ್ತಿದ್ದುದು ಘನಂದಾರಿ ಕೆಲಸವೇನಲ್ಲ. ನಾಟಕದಲ್ಲಿ ಅವಳಿಗೊಂದು ಅಡುಗೆಮನೆ, ಒಂದು ಬಾಗಿಲು. ಓಣಿಯ ಜನ ಒಬ್ಬೊಬ್ಬರಾಗಿ ಬಂದು ಕಷ್ಟ ಹೇಳಿಕೊಳ್ಳುತ್ತಿದ್ದರು. ಯಾರ ಕಷ್ಟವನ್ನೂ ಅವಳು ಪರಿಹರಿಸಿದ್ದು ನನಗೆ ನೆನಪಿಲ್ಲ. ಆದರೆ ಬಾಗಿಲು ಸದ್ದಾದ ಕೂಡಲೇ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಡುತ್ತಿದ್ದಳು. ಟಣ್ ಎಂದು ಆ ಶಬ್ದ ಕೇಳಿಸಬೇಕು, ಆಮೇಲೆ ನಾನು “ಕೂತ್ಕೋ, ಮೊದಲಿಂದ ಹೇಳು” ಅನ್ನಬೇಕು. ಒಂದು ಗುರುವಾರ ಶಬ್ದ ಮಾಡುವವನು ರಜೆ ಹಾಕಿದ್ದರಿಂದ ಟಣ್ ಬಿಟ್ಟುಹೋಯಿತು. ಆ ವಾರ ಇನ್ನೂರು ಕಾಗದ ಬಂದವು, ಅತ್ತೆಗೆ ಮೈ ಸರಿಯಿಲ್ಲವೇ ಎಂದು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈಗ ನಗು ಬರುವುದಿಲ್ಲ. ನಮ್ಮ ನಮ್ಮ ಮನೆಗಳಲ್ಲಿ ಯಾರು ಯಾರಿಗಾಗಿ ಕೈಯಲ್ಲಿದ್ದದ್ದನ್ನು ಕೆಳಗಿಡುತ್ತಾರೆ? ಪೇಪರಿನ ಹಿಂದಿನಿಂದ ಹೂಂಗುಟ್ಟುತ್ತಾರೆ, ಒಲೆಗೆ ಮುಖ ಮಾಡಿಕೊಂಡೇ ‘ಆಮೇಲೆ ಹೇಳುವೆಯಂತೆ’ ಎನ್ನುತ್ತಾರೆ. ಇಲ್ಲದ ಹೆಂಗಸೊಬ್ಬಳ ಮೇಲೆ ಜನ ಪ್ರಾಣ ಇಟ್ಟುಕೊಂಡಿದ್ದರೆ ತಪ್ಪು ಅವರದಲ್ಲ, ಇರುವ ನಮ್ಮದು.

ಆ ಅತ್ತೆಗೆ ಬರುತ್ತಿದ್ದ ಕಾಗದಗಳಿಗೆ ಉತ್ತರ ಬರೆಯುತ್ತಿದ್ದವರು ಟಪಾಲು ವಿಭಾಗದ ಗುಮಾಸ್ತರು. ಇಡೀ ರೇಡಿಯೋ ನಿಲಯ ಅವರನ್ನು ಟಪಾಲಣ್ಣ ಎಂದೇ ಕರೆಯುತ್ತಿತ್ತು. ಸಣಕಲು ಮೈ, ಕುತ್ತಿಗೆಯ ಗುಂಡಿಯವರೆಗೂ ಹಾಕಿದ ಶರ್ಟು, ಉಗುರಿನ ಸಂದಿಯಲ್ಲಿ ಒಣಗಿದ ಅಂಟು. ಕಾರಿಡಾರಿನಲ್ಲಿ ಯಾರು ಎದುರಾದರೂ ಗೋಡೆಗೆ ಒತ್ತಿಕೊಂಡು ದಾರಿ ಬಿಡುವರು. ಲಿಫ್ಟಿನಲ್ಲಿ ಒಮ್ಮೆ ನಾನು ಅವರ ಕಾಲು ತುಳಿದೆ. “ಕ್ಷಮಿಸಿ ಮೇಡಂ” ಎಂದವರು ಅವರೇ. ಅವರ ಕೋಣೆ ನೆಲಮಹಡಿಯಲ್ಲಿ, ಸೈಕಲ್ ಸ್ಟ್ಯಾಂಡಿನ ಹಿಂದೆ. ಪಕ್ಕದಲ್ಲೇ ಹವಾನಿಯಂತ್ರಣದ ದೊಡ್ಡ ಯಂತ್ರ ದಿನವಿಡೀ ಗುರ್ ಎನ್ನುತ್ತಿತ್ತು. ಅಲ್ಲಿ ಕೂತವರಿಗೆ ತಮ್ಮ ಮಾತು ತಮಗೇ ಕೇಳಿಸುವುದಿಲ್ಲ. ಮದುವೆಯಾಗಿರಲಿಲ್ಲ. ಅಣ್ಣ ಅತ್ತಿಗೆಯ ಮನೆಯಲ್ಲಿದ್ದರು, ಆ ಮನೆಯಲ್ಲಿ ಎಲ್ಲರದೂ ಊಟವಾದ ಮೇಲೆ ಇವರ ಊಟ. ಇದನ್ನು ಅವರು ದೂರಿನಂತೆ ಹೇಳಿದ್ದಲ್ಲ, ರಾತ್ರಿ ಊಟಕ್ಕೆ ಗಂಟೆ ಎಷ್ಟಾಗುತ್ತದೆ ಎಂದು ನಾನೇ ಯಾವುದೋ ಮಾತಿಗೆ ಕೇಳಿದಾಗ ಬಾಯಿತಪ್ಪಿ ಬಂದದ್ದು.

ನಿಲಯದ ನಿಯಮ ಸರಳ. ‘ನಿಮ್ಮ ಕಾಗದ ತಲುಪಿತು, ಧನ್ಯವಾದ’ ಎಂದು ಅಚ್ಚು ಹಾಕಿಸಿದ ಕಾರ್ಡು, ಕೆಳಗೆ ‘ಅತ್ತೆಯ ಪರವಾಗಿ’ ಎಂದು ಒಂದು ಮೊಹರು. ದಿನಕ್ಕೆ ನೂರು ಹೊಡೆದು ಕೈತೊಳೆದುಕೊಳ್ಳಬಹುದಾಗಿತ್ತು. ಟಪಾಲಣ್ಣ ಆ ಮೊಹರನ್ನು ಡ್ರಾಯರಿನಲ್ಲಿ ಹಾಕಿ ಬೀಗ ಜಡಿದಿದ್ದರು. ಕೈಯಲ್ಲೇ ಬರೆಯುತ್ತಿದ್ದರು, ಪ್ರತಿಯೊಬ್ಬರಿಗೂ, ಪುಟಗಟ್ಟಲೆ. ಅದಕ್ಕಿಂತ ವಿಚಿತ್ರವೆಂದರೆ ಕಾಗದವನ್ನು ಅವರು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು. ಯಾಕ್ರೀ ಹೀಗೆ ಎಂದು ಕೇಳಿದ್ದೆ.

“ಮೇಲ್ಗಡೆ ಎಲ್ಲಾ ನಾಟಕದ ವಿಷಯ ಇರುತ್ತೆ ಮೇಡಂ. ಅವರು ಹೇಳ್ಬೇಕು ಅಂತ ಇರೋದನ್ನ ಸಹಿ ಆದ್ಮೇಲೆ ಬರೀತಾರೆ.”

ನಿಜವೇ. ಅವರೇ ಹೇಳಿದಂತೆ, ನಿವೃತ್ತ ಮೇಷ್ಟ್ರೊಬ್ಬರು ಮೂರು ಪುಟ ಸಂಭಾಷಣೆಯ ಗುಣದೋಷ ವಿಮರ್ಶಿಸಿ, ಸಹಿ ಮಾಡಿ, ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ವಿ.ಸೂ.: ಕಣ್ಣಿನ ಆಪರೇಷನ್ ಆಗಬೇಕು, ಜೊತೆಗೆ ಬರುವವರಿಲ್ಲ’ ಎಂದು ಬರೆದಿದ್ದರು. ಟಪಾಲಣ್ಣನ ಉತ್ತರ ಶುರುವಾದದ್ದೇ ‘ಆಪರೇಷನ್ ಯಾವ ದಿನ ಗೊತ್ತಾಗಿದೆ?’ ಎಂದು. ಅಷ್ಟನ್ನೂ ಒಂದು ಚೀಟಿಯಲ್ಲಿ ಗುರುತು ಹಾಕಿಟ್ಟು, ಮೂರು ತಿಂಗಳ ಮೇಲೆ ಮೇಷ್ಟ್ರು ಮತ್ತೆ ಬರೆದಾಗ ಕಣ್ಣಿನ ವಿಷಯ ವಿಚಾರಿಸಿದರು. ಮೇಷ್ಟ್ರು ಆಮೇಲೆ ಸಂಭಾಷಣೆ ವಿಮರ್ಶಿಸುವುದನ್ನೇ ಬಿಟ್ಟರು.

ಇದರಲ್ಲಿ ನನ್ನ ಪಾಲಿನ ಕೆಲಸ ಸಹಿ. ಮಂಗಳವಾರ ಟೀ ಕುಡಿಯುವ ಹೊತ್ತಿಗೆ ಅರವತ್ತೋ ಎಪ್ಪತ್ತೋ ಉತ್ತರಗಳ ಕಟ್ಟು ತಂದು ಮುಂದಿಡುವರು. ‘ಅತ್ತೆ’ ಎಂದು ನಾನು ಸರಸರನೆ ಗೀಚುವೆ. ಒಂದನ್ನೂ ಓದಲಿಲ್ಲ. ಹದಿನಾಲ್ಕು ವರ್ಷದಲ್ಲಿ ಒಂದನ್ನೂ! “ಇದೊಂದು ಓದಿ ಮೇಡಂ, ಚೆನ್ನಾಗಿದೆ” ಎಂದು ಅವರು ಎಷ್ಟೋ ಸಲ ಅಂದಿದ್ದುಂಟು. ನಾನು ಬಿಸ್ಕತ್ತು ಮುರಿಯುತ್ತಾ “ನೀವು ಓದಿದ್ರೆ ಆಯ್ತಲ್ಲ ಟಪಾಲಣ್ಣ, ನಾವಿಬ್ರೂ ಒಂದೇ” ಎನ್ನುತ್ತಿದ್ದೆ. ಅವರಿಗೆ ಆ ಮಾತಿನಿಂದ ಎಷ್ಟು ಖುಷಿಯಾಗುತ್ತಿತ್ತೆಂದರೆ, ಕಿವಿಯವರೆಗೂ ಕೆಂಪಾಗುತ್ತಿದ್ದರು. ನಾನು ತಮಾಷೆಗೆ ಅಂದದ್ದು.

ಇನ್ನು ಕಾಜಾದವಳ ವಿಷಯ. ಶರ್ಟಿಗೆ ಗುಂಡಿ ತೂರಿಸುವ ತೂತಿನ ಸುತ್ತ ಹಾಕುವ ಹೊಲಿಗೆಗೆ ಕಾಜಾ ಎನ್ನುತ್ತಾರಲ್ಲ, ಅದನ್ನು ಕೈಯಲ್ಲಿ ಹಾಕುವುದೇ ಅವಳ ಕಸುಬು. ದರ್ಜಿ ಅಂಗಡಿಯವರು ಬೆಳಿಗ್ಗೆ ಬಟ್ಟೆಯ ಗಂಟು ಕಳಿಸುವರು, ಸಂಜೆ ಒಯ್ಯುವರು. ಒಂಟಿ ಹೆಂಗಸು, ಐವತ್ತು ದಾಟಿತ್ತು. ಅತ್ತೆಗೆ ಬರೆದ ಮೊದಲ ಕಾಗದದಲ್ಲಿ ನಾಟಕವನ್ನು ಹೊಗಳಿ, ಸಹಿಯ ಕೆಳಗೆ ಬರೆದಿದ್ದಳಂತೆ: ‘ಈ ಹೆಸರು ಬರೆದು ಎಷ್ಟೋ ವರ್ಷ ಆಯ್ತು, ಕೈ ತಡವರಿಸಿತು. ಅಂಗಡಿಯವರು ಕಾಜಾ ಅಂತಲೇ ಕೂಗುತ್ತಾರೆ, ಓಣಿಯವರೂ ಹಾಗೇ.’ ಟಪಾಲಣ್ಣ ಕೊಟ್ಟ ಉತ್ತರದಲ್ಲಿ ಪ್ರತಿ ಎರಡನೇ ಸಾಲಿಗೆ ಅವಳ ಹೆಸರು ಬರೆದರು. ಆಮೇಲೆ ಆರು ವರ್ಷ ನಲವತ್ತೊಂದು ಕಾಗದ ಹೋದವು, ಅಷ್ಟೇ ಬಂದವು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ, ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ಒಂದು ದಿನ ಟಪಾಲಣ್ಣ ಮೆಟ್ಟಿಲು ಹತ್ತಿ ಸ್ಟುಡಿಯೋ ಮಹಡಿಗೆ ಬಂದರು. ಅವರನ್ನು ಆ ಮಹಡಿಯಲ್ಲಿ ನಾನು ಕಂಡದ್ದೇ ಅಪರೂಪ. ನೀರಿನ ಫಿಲ್ಟರಿನ ಪಕ್ಕ ನಿಂತು, ನಾನು ಹೊರಗೆ ಬರುವವರೆಗೆ ಕಾದರು.

“ಮೇಡಂ, ಒಂದು ಅರ್ಧ ಗಂಟೆ ಕೆಲಸ ಇತ್ತು ನಿಮ್ಮಿಂದ. ಹೆಸರು ಹೇಳಿದ್ರೆ ನಿಮಗೆ ಗೊತ್ತಾಗಲ್ಲ, ಕಾಜಾ ಹಾಕೋಳು ಆಸ್ಪತ್ರೆಲಿದಾಳೆ. ನರ್ಸಮ್ಮನ ಕೈಲಿ ಬರೆಸಿದಾಳೆ. ಡಾಕ್ಟ್ರು ಇನ್ನು ಎರಡು ವಾರ ಅಂದಿದಾರಂತೆ.”

“ಅಯ್ಯೋ ಪಾಪ. ಚೆನ್ನಾಗಿ ಒಂದು ಕಾಗದ ಬರೀರಿ.”

“ಕಾಗದ ಅಲ್ಲ ಮೇಡಂ. ಕೆಳಗಡೆ ಬರೆದಿದಾಳೆ, ಸಾಯೋ ಮುಂಚೆ ಅತ್ತೆನ ಒಂದ್ಸಲ ನೋಡ್ಬೇಕು ಅಂತ. ಬೇರೆ ಯಾರೂ ಇಲ್ಲ ನೋಡಿ ಅವಳಿಗೆ.”

“ಹಾಗಿದ್ರೆ ನೀವೇ ಹೋಗ್ಬನ್ನಿ. ಬರೆದೋರು ನೀವು ತಾನೇ?”

“ಛೆ ಛೆ, ಬಿಡ್ತು ಅನ್ನಿ!” ಟಪಾಲಣ್ಣ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು. “ನನ್ನ ಮುಖ ನೋಡಿ ಅವಳಿಗೇನಾಗ್ಬೇಕು? ಅವಳು ಕಾಯ್ತಿರೋದು ಅತ್ತೆಗೆ. ನೀವು ಬಾಯಿಬಿಟ್ರೆ ಸಾಕು, ಅವಳ ಜೀವ ತಂಪಾಗುತ್ತೆ.”

ಆಯಿತು, ನೋಡೋಣ ಎಂದೆ. ಸೋಮವಾರ ತಾಲೀಮು ಎಂದೆ. ಬುಧವಾರ ಗಂಟಲು ಕಟ್ಟಿದೆ ಎಂದೆ. ಶುಕ್ರವಾರ ನಿಜವಾಗಿ ಏನೂ ಇರಲಿಲ್ಲ, ತಲೆಗೆ ಬಣ್ಣ ಹಾಕಿಸಿಕೊಳ್ಳಲು ಹೋಗಿ ಕೂತಿದ್ದೆ. ದಿನವೂ ಹನ್ನೊಂದಕ್ಕೆ ಸರಿಯಾಗಿ ಅವರು ಫಿಲ್ಟರಿನ ಪಕ್ಕ. ಒತ್ತಾಯವಿಲ್ಲ, ಮುನಿಸಿಲ್ಲ. ಅವರು ಒಂದು ಬೈಗುಳ ಬೈದಿದ್ದರೂ ನಾನು ಮೊದಲೇ ಹೋಗುತ್ತಿದ್ದೆನೋ ಏನೋ. ಹೀಗೆ ಹನ್ನೊಂದು ದಿನ ಕಳೆಯಿತು. ಕೊನೆಗೆ ನನಗೇ ಆ ಮುಖ ನೋಡಿ ನೋಡಿ ತಲೆ ಚಿಟ್ಟು ಹಿಡಿದು, “ನಾಳೆ ನಾಲ್ಕಕ್ಕೆ ಹೋಗೋಣ ಮಾರಾಯ್ರೇ” ಎಂದೆ.

ಆಗ ಅವರು ಜೇಬಿನಿಂದ ಮಡಿಸಿದ ಎರಡು ಹಾಳೆ ತೆಗೆದರು. “ಇಷ್ಟು ಓದ್ಕೊಂಡು ಬನ್ನಿ ಮೇಡಂ. ಅವಳು ಏನೇನು ಬರೆದಿದಾಳೆ, ನಾವೇನೇನು ಹೇಳಿದೀವಿ, ಎಲ್ಲಾ ಇದೆ. ಹೆಸರು ಮೊದಲ ಸಾಲಲ್ಲೇ ಇದೆ, ಕೆಂಪು ಗೆರೆ ಎಳೆದಿದೀನಿ.”

ಹಾಳೆಯನ್ನು ಚೀಲದೊಳಗೆ ಹಾಕಿಕೊಂಡೆ. ಓದಲಿಲ್ಲ. ಮರೆತು ಅಲ್ಲ, ಜಂಬಕ್ಕೆ. ಅಷ್ಟರಲ್ಲಾಗಲೇ ಹದಿಮೂರು ವರ್ಷ ಆ ಪಾತ್ರ ಮಾಡಿದವಳಿಗೆ ಅತ್ತೆ ಹೇಗೆ ಮಾತಾಡಬೇಕೆಂದು ಟಪಾಲು ಒಡೆಯುವವರು ಬರೆದುಕೊಡಬೇಕೇ ಎಂದು ಒಳಗೊಳಗೇ ಉರಿಯಿತು. ಮರುದಿನ ನಿಲಯದ ವ್ಯಾನಿನಲ್ಲಿ ಅವರು ಮೆಲ್ಲಗೆ ಕೇಳಿದರು, “ಓದಿದ್ರಾ ಮೇಡಂ?”

“ಓದಿದೀನ್ರೀ, ಒಂದಲ್ಲ ಎರಡು ಸಲ.”

ವಾರ್ಡು ಉದ್ದಕ್ಕಿತ್ತು. ಎರಡು ಕಡೆಗೂ ಹತ್ತು ಹತ್ತು ಮಂಚ. ನೆಲ ಒರೆಸಿದ ಔಷಧಿಯ ವಾಸನೆ. ಕಾಜಾದವಳ ಮಂಚ ಕಿಟಕಿಯ ಹತ್ತಿರ. ತಲೆ ಬಾಚಿಸಿಕೊಂಡು, ಹಿಂದೆ ದಿಂಬು ಇಡಿಸಿಕೊಂಡು, ಬಾಗಿಲನ್ನೇ ನೋಡುತ್ತಾ ಕೂತಿದ್ದಳು. ಹನ್ನೊಂದು ದಿನವೂ, ನೋಡಲು ಬರುವವರನ್ನು ಒಳಬಿಡುವ ನಾಲ್ಕು ಗಂಟೆಗೆ ಹಾಗೇ ಕೂರುತ್ತಿದ್ದಳೆಂದು ನರ್ಸಮ್ಮ ಬಾಗಿಲಲ್ಲೇ ಹೇಳಿದಳು. ಆಗಲಾದರೂ ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಇಪ್ಪತ್ತು ಮಂಚದ ಜನ ನನ್ನ ಕಡೆ ತಿರುಗಿದ್ದರು, ನನಗೆ ಅದೇ ಕಾಣುತ್ತಿದ್ದುದು. ಅತ್ತೆಯ ದನಿ ತೆಗೆದು, ವಾರ್ಡಿಗೆಲ್ಲ ಕೇಳಿಸುವಂತೆ ಅಂದೆ:

“ಏನಮ್ಮಾ ಕಾಜಾ, ಹೇಗಿದ್ದೀಯೇ?”

ದನಿಗೆ ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಅರಳಿದ್ದು ಅಲ್ಲೇ ನಿಂತಿತು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಹಳ ಮರ್ಯಾದೆಯಿಂದ ಕೇಳಿದಳು. “ನನ್ನ ಹೆಸರು ಹೇಳ್ತೀರಾ?”

“ನಿನ್ನ ಹೆಸರು ನಂಗೊತ್ತಿಲ್ವೇನೇ, ಹುಚ್ಚಿ!” ಎಂದು ನಕ್ಕೆ. ಸ್ಟುಡಿಯೋದಲ್ಲಿ ಮಾತು ಮರೆತಾಗ ನಾನು ಹೀಗೇ ನಗುವುದು. ಬಾಗಿಲ ಬಳಿ ನಿಂತಿದ್ದ ಟಪಾಲಣ್ಣ ಎರಡು ಕಿತ್ತಳೆ ಹಣ್ಣು ಹಿಡಿದುಕೊಂಡು ತುಟಿ ಅಲ್ಲಾಡಿಸುತ್ತಿದ್ದರು, ಹೆಸರು ಹೇಳಿಕೊಡಲು. ನನಗೆ ಏನೂ ತಿಳಿಯಲಿಲ್ಲ.

“ಕೂತ್ಕೊಳ್ಳಲ್ವಾ? ಚೀಲ ಕೆಳಗಿಡಿ,” ಎಂದಳು ಅವಳು.

ಚೀಲ ನನ್ನ ಹೆಗಲಲ್ಲೇ ಇತ್ತು. “ವ್ಯಾನು ಕಾಯ್ತಿದೆಯಮ್ಮ, ರೆಕಾರ್ಡಿಂಗ್ ಇದೆ” ಎಂದೆ. ಇರಲಿಲ್ಲ.

ಅವಳು ತನ್ನ ತೋರುಬೆರಳಿನ ತುದಿಯನ್ನು ಸವರಿಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಅದು ಕಲ್ಲಿನಂತಾಗಿತ್ತು. ಆಮೇಲೆ ಕೊನೆಯ ಸಲ ಎಂಬಂತೆ ಕೇಳಿದಳು. “ನನ್ನ ಮಗು ವಿಷಯಕ್ಕೆ ನೀವು ಏನು ಬರೆದಿದ್ರಿ, ಅದನ್ನ ಒಂದ್ಸಲ ಬಾಯಲ್ಲಿ ಹೇಳಿ. ಅದನ್ನ ಕೇಳ್ಬೇಕು ಅಂತಾನೇ ಕರೆಸಿದ್ದು.”

ನಾನು ಹೇಳಿದ್ದನ್ನು ಇಲ್ಲಿ ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. “ಮಗು ಚೆನ್ನಾಗಿದೆ ತಾನೇ? ಈಗ ಎಷ್ಟನೇ ಕ್ಲಾಸು?” ಎಂದೆ.

ಆ ಮಗು ಹುಟ್ಟಿದ ದಿನವೇ ಹೋಗಿತ್ತು, ಮೂವತ್ತು ವರ್ಷದ ಹಿಂದೆ. ಗಂಡನಿಲ್ಲದ ಹುಡುಗಿಗೆ ಹುಟ್ಟಿದ ಮಗು. ಅವಳು ಹೆತ್ತ ತಾಯಿಗೂ ಹೇಳಿರಲಿಲ್ಲ, ಅತ್ತೆಗೆ ಮಾತ್ರ ಹೇಳಿದ್ದಳು. ಅದಕ್ಕೆ ಬಂದ ಉತ್ತರ ಓದಿದ ದಿನ, ಮೂವತ್ತು ವರ್ಷದಲ್ಲಿ ಮೊದಲ ಸಲ ಬಾಗಿಲು ಹಾಕಿಕೊಂಡು ಅತ್ತಳಂತೆ. ಎಲ್ಲವೂ ಆ ಎರಡು ಹಾಳೆಯಲ್ಲಿತ್ತು. ಹಾಳೆ ನನ್ನ ಹೆಗಲಿನ ಚೀಲದಲ್ಲಿತ್ತು.

ಅವಳು ಅಳಲಿಲ್ಲ, ಕೂಗಲಿಲ್ಲ. ದಿಂಬಿನ ಕೆಳಗಿನಿಂದ ಕಾಗದದ ಕಟ್ಟು ಎಳೆದಳು. ಕಾಜಾ ಹಾಕುವ ದಾರದಿಂದ ಕಟ್ಟಿತ್ತು. “ಹಾಗಾದ್ರೆ ನಾನು ಬರೆದಿದ್ದನ್ನೆಲ್ಲ ಯಾರು ಓದಿದ್ರು? ಯಾರಿಗೆ ಹೇಳ್ದೆ ನಾನು? ಯಾರೂ ಓದ್ಲೇ ಇಲ್ವಾ?”

ನಾನು ಬಾಗಿಲ ಕಡೆ ನೋಡಿದೆ. ಟಪಾಲಣ್ಣನ ಬಾಯಿ ತೆರೆದಿತ್ತು. ‘ನಾನು ಓದಿದೆನಮ್ಮ’ ಎಂದಿದ್ದರೆ ಮುಗಿಯುತ್ತಿತ್ತು. ಅವರು ಕೈಯಲ್ಲಿದ್ದ ಹಣ್ಣು ನೋಡಿಕೊಂಡು ತಲೆ ತಗ್ಗಿಸಿದರು. ನಾನಾದರೂ ಹೇಳಬಹುದಿತ್ತು, ನೋಡು, ಅಲ್ಲಿ ನಿಂತಿದಾರಲ್ಲ, ಅವರು ಓದಿದ್ದು, ಒಂದಕ್ಷರ ಬಿಡದೆ ಓದಿದ್ದು ಎಂದು. ಇಪ್ಪತ್ತು ಮಂಚದ ಜನರೆದುರು ಅತ್ತೆಯಾಗಿ ಬಂದವಳು ಯಾರೋ ಆಗಿ ಹೋಗಬೇಕಲ್ಲ! ನಾನು ಅಂದದ್ದು ಇಷ್ಟು: “ಎಲ್ಲಾ ಓದಿದೀನಮ್ಮ. ನೂರಾರು ಕಾಗದ ಬರುತ್ತಲ್ಲ, ನೆನಪಿರಲ್ಲ.”

“ನೂರಾರು,” ಎಂದಳು. ಗೋಡೆಯ ಕಡೆ ತಿರುಗಿ ಮಲಗಿದಳು. ಎಷ್ಟು ಕರೆದರೂ ತಿರುಗಲಿಲ್ಲ.

ಹೊರಗೆ ವ್ಯಾನಿನ ಹತ್ತಿರ ನಾನೇ ಅವರ ಮೇಲೆ ಹರಿಹಾಯ್ದೆ. ತಪ್ಪು ಮಾಡಿದವರ ಗಂಟಲೇ ಮೊದಲು ಏರುವುದು. “ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ನಾನೇ ಬರೆದಿದ್ದು ಅನ್ನೋಕೆ ಏನಾಗಿತ್ತು ನಿಮಗೆ?”

“ಹೆಂಗಸು ಅಂತ ನಂಬಿ ಹೇಳಿದ್ಳು ಮೇಡಂ,” ಎಂದರು. “ಮಗು ವಿಷಯ. ಯಾರೋ ಗಂಡಸು, ಆಫೀಸಿನ ಗುಮಾಸ್ತ, ಅದನ್ನ ಓದಿ ಉತ್ತರ ಬರೆದ ಅಂತ ಗೊತ್ತಾಗಿದ್ರೆ ನಾಚಿಕೆಯಿಂದಾನೇ ಪ್ರಾಣ ಬಿಡ್ತಿದ್ಳೇನೋ. ಯಾರೂ ಓದಿಲ್ಲ ಅಂದ್ಕೊಳ್ಳೋದು ಮೇಲಾ, ನನ್ನಂಥೋನು ಓದಿದ ಅಂದ್ಕೊಳ್ಳೋದು ಮೇಲಾ, ನಂಗೆ ಗೊತ್ತಾಗ್ಲಿಲ್ಲ.” ಹಣ್ಣನ್ನು ಡ್ರೈವರಿಗೆ ಕೊಟ್ಟು ಹಿಂದಿನ ಸೀಟಿನಲ್ಲಿ ಕೂತರು. ನಾನು ಓದಿರಲಿಲ್ಲವೆಂದು ಅವರು ಅವತ್ತೂ ಎತ್ತಿ ಆಡಲಿಲ್ಲ, ಆಮೇಲೂ ಆಡಲಿಲ್ಲ.

ಎರಡು ದಿನ ಅವರು ಊಟ ಬಿಟ್ಟು ಯೋಚಿಸಿದರಂತೆ. ಮೂರನೆಯ ದಿನ, ಹೇಳಿಯೇ ಬಿಡುವುದೆಂದು ಗಟ್ಟಿಮನಸ್ಸು ಮಾಡಿ ಒಬ್ಬರೇ ಆಸ್ಪತ್ರೆಗೆ ಹೋದರು. ಕಿಟಕಿಯ ಹತ್ತಿರದ ಮಂಚಕ್ಕೆ ಹೊಸ ಹಾಸಿಗೆ ಹಾಕುತ್ತಿದ್ದರು. ಬೆಳಗಿನ ಜಾವವೇ ಹೋಗಿದ್ದಳು. ಕಾಗದದ ಕಟ್ಟನ್ನು ಕಸಕ್ಕೆ ಹಾಕಿ ಎಂದಿದ್ದಳಂತೆ, ನರ್ಸಮ್ಮನಿಗೆ ಮನಸ್ಸು ಬಾರದೆ ಎತ್ತಿಟ್ಟಿದ್ದಳು. ಟಪಾಲಣ್ಣ ಅದನ್ನು ತೆಗೆದುಕೊಂಡು ಬಂದರು.

ಮರುವಾರದಿಂದ ಅವರು ಡ್ರಾಯರಿನ ಬೀಗ ತೆಗೆದರು. ‘ನಿಮ್ಮ ಕಾಗದ ತಲುಪಿತು, ಧನ್ಯವಾದ’. ಕೆಳಗೆ ಮೊಹರು. ವಾರದ್ದೆಲ್ಲ ಒಂದೇ ದಿನಕ್ಕೆ. ಆಡಳಿತದವರಿಗೆ ಖುಷಿಯೋ ಖುಷಿ, ಕೊನೆಗೂ ಬುದ್ಧಿ ಬಂತು ಎಂದರು. ನಾನು ನಾಟಕದಲ್ಲಿ ಮೊದಲಿನಂತೆಯೇ ಮಾತಾಡಿದೆ. ನಿಜ ಹೇಳಬೇಕೆಂದರೆ ಆ ವರ್ಷ ನಾನು ಅಭಿನಯಿಸಿದಷ್ಟು ಚೆನ್ನಾಗಿ ಎಂದೂ ಅಭಿನಯಿಸಿರಲಿಲ್ಲ. ಪಾತ್ರೆ ಕೆಳಗಿಡುವ ಶಬ್ದವೂ ಸರಿಯಾಗಿ ಬರುತ್ತಿತ್ತು. ಆದರೂ ವಾರದ ಕಾಗದಗಳು ನಲವತ್ತಕ್ಕಿಳಿದವು, ಇಪ್ಪತ್ತಕ್ಕಿಳಿದವು. ಅತ್ತೆ ಯಾಕೋ ಬದಲಾಗಿದ್ದಾಳೆ ಎಂದು ಒಬ್ಬರು ಬರೆದರು, ಏನು ಬದಲಾವಣೆ ಎಂದು ಅವರಿಗೂ ಹೇಳಲು ಬಂದಿರಲಿಲ್ಲ. ವರ್ಷ ತುಂಬುವುದರೊಳಗೆ ನಾಟಕ ನಿಂತಿತು. ನಿರ್ದೇಶಕರು ಕತೆಯಲ್ಲಿ ಹುಳುಕು ಹುಡುಕಿದರು. ಹುಳುಕು ಎಲ್ಲಿತ್ತೆಂದು ಗೊತ್ತಿದ್ದವರು ಇಬ್ಬರೇ, ಇಬ್ಬರೂ ಬಾಯಿ ಬಿಡಲಿಲ್ಲ.

ಟಪಾಲಣ್ಣ ನಿವೃತ್ತರಾಗಿ ಒಂದು ವರ್ಷದ ಮೇಲೆ ನಾನು ಅವರ ಅಣ್ಣನ ಮನೆ ಹುಡುಕಿಕೊಂಡು ಹೋದೆ. ಅಷ್ಟು ದಿನ ಹೋಗಲು ಮುಖವಿರಲಿಲ್ಲ. ಮುಂದಿನ ಕೋಣೆಯಲ್ಲಿ ಕೂತು ಅತ್ತಿಗೆಯ ಒಣಗಿದ ಬಟ್ಟೆ ಮಡಿಸುತ್ತಿದ್ದರು. ನನ್ನನ್ನು ಕಂಡು ಎದ್ದು, ಇದ್ದ ಒಂದೇ ಕುರ್ಚಿ ಕೊಟ್ಟು, ತಾವು ನಿಂತರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರಿಗೆ ಜನ್ಮದಲ್ಲಿ ಯಾರೂ ಒಂದು ಒಳ್ಳೆಯ ಮಾತು ಹೇಳಿರಲಿಲ್ಲ, ನಾನಾದರೂ ಹೇಳಬೇಕು, ಅವರ ಬೆಲೆ ಅವರಿಗೆ ಗೊತ್ತಾಗಬೇಕು ಎಂಬುದೊಂದೇ ನನ್ನ ಆಸೆ.

“ಟಪಾಲಣ್ಣ, ನಾನು ಬರೀ ದನಿ ಕೊಟ್ಟೆ,” ಎಂದೆ. “ಜನ ಪ್ರೀತಿಸಿದ್ದು ನನ್ನನ್ನಲ್ಲ, ಕತೆ ಬರೆದೋರನ್ನೂ ಅಲ್ಲ. ಅಷ್ಟೂ ವರ್ಷ ಅತ್ತೆ ಅಂತ ಇದ್ದಿದ್ರೆ ಅದು ನೀವು. ನೀವೇ ಅತ್ತೆ.” ಹೇಳುತ್ತಾ ಹೇಳುತ್ತಾ ನನಗೇ ಅಳು ಬಂತು.

ಅವರ ಕಿವಿ ಕೆಂಪಾಗಲಿಲ್ಲ. ಕೈಯಲ್ಲಿದ್ದ ರವಿಕೆಯನ್ನು ಹಾಗೇ ಹಿಡಿದುಕೊಂಡಿದ್ದರು.

“ಹಾಗಂದ್ರೆ ಅವತ್ತು ಅತ್ತೇನೇ ಆ ವಾರ್ಡಿಗೆ ಬಂದಿದ್ಳು,” ಎಂದರು. “ಅವಳು ಯಾರೂ ಓದ್ಲೇ ಇಲ್ವಾ ಅಂತ ಕೇಳಿದಾಗ ಅತ್ತೆ ಬಾಗಿಲಲ್ಲೇ ನಿಂತಿದ್ಳು. ಕೇಳಿಸ್ಕೊಂಡ್ಳು. ತಲೆ ತಗ್ಗಿಸ್ಕೊಂಡು ಹೊರಟ್ಹೋದ್ಳು. ಇಷ್ಟು ದಿನ ನಾನು ಅತ್ತೆ ಅಲ್ಲ, ಗುಮಾಸ್ತ, ನನ್ನ ಮಾತಿಂದ ಅವಳಿಗೇನಾಗ್ತಿತ್ತು ಅಂತ ಹೇಳ್ಕೊಂಡು ಹೇಗೋ ಇದ್ದೆ ಮೇಡಂ.”